ಕಾಡುಕಾಫಿ ಹುಡುಕುವ ತಂಡಕ್ಕೆ ಚೀಲಕ್ಕೆ ಐದು ರೂಪಾಯಿ

ನಮ್ಮ ಸಂಘದ ಮುಂದಿನ ಮಹಾಸಭೆಯಲ್ಲಿ ಸದಸ್ಯ ಬಂಧುಗಳ ಮುಂದೆ ಒಂದು ಸಲಹೆಯನ್ನು ಇಡಬೇಕೆಂದಿದ್ದೇವೆ. ಸಭೆಯ ದಿನ ಚರ್ಚೆಗೆ ಸಮಯ ಸಾಲದು ಎಂಬ ಅನುಭವ ಎಲ್ಲರಿಗೂ ಇದೆ. ಆದ್ದರಿಂದ ಅದನ್ನು ಮೊದಲೇ ಈ ಪುಟದಲ್ಲಿ ವಿವರವಾಗಿ ತಿಳಿಸುತ್ತಿದ್ದೇವೆ.

ಸಲಹೆ ಇಷ್ಟೆ. ಸಂಘದ ಮೂಲಕ ಮಾರಾಟವಾಗುವ ಪ್ರತಿ ಚೀಲ ಕಾಫಿಗೆ ಐದು ರೂಪಾಯಿ, ಪ್ರತಿ ಕ್ವಿಂಟಲ್ ಅಡಿಕೆಗೆ ಹತ್ತು ರೂಪಾಯಿಯಂತೆ ಮೂರು ವರ್ಷ ಕಾಲ ಬೇರೆ ಖಾತೆಯಲ್ಲಿ ತೆಗೆದಿಡುವುದು. ಈ ಹಣ ಕಟ್ಟಡಕ್ಕಲ್ಲ, ಗೋದಾಮಿಗಲ್ಲ, ಸನ್ಮಾನ ಸಮಾರಂಭಕ್ಕೂ ಅಲ್ಲ. ಪಶ್ಚಿಮ ಘಟ್ಟದ ಕಾಡುಗಳನ್ನೂ ಹಳೆಯ ತೋಟಗಳನ್ನೂ ಸುತ್ತಿ, ಕಾಫಿಯ ಕಾಡುನೆಂಟರನ್ನು, ಮರೆತುಹೋದ ಹಳೇ ತಳಿಗಳನ್ನು, ರೋಗದ ನಡುವೆಯೂ ಹಸಿರಾಗಿ ನಿಂತಿರುವ ಅಡಿಕೆ ಮರಗಳನ್ನು ಹುಡುಕಿ ದಾಖಲೆ ಮಾಡಿ ತರುವ ಒಂದು ವೈಜ್ಞಾನಿಕ ತಂಡದ ಖರ್ಚಿಗೆ ಇದು ಸಲ್ಲಬೇಕು.

ಇದನ್ನು ಓದಿದ ಕೂಡಲೆ ಹಲವರ ಹುಬ್ಬು ಮೇಲೇರುವುದು ನಮಗೆ ಗೊತ್ತು. ಅರೇಬಿಕಾ ಇಟ್ಟುಕೊಂಡವರಿಗೆ ಬಿಳಿ ಕಾಂಡಕೊರಕದ ಕಾಟ, ರೊಬಸ್ಟಾ ಇಟ್ಟವರಿಗೆ ಹೂಮಳೆಯ ಚಿಂತೆ, ಅಡಿಕೆಯವರಿಗೆ ಕೊಳೆ, ಹಳದಿ ಎಲೆ, ಈಗ ಎಲೆಚುಕ್ಕಿ. ಕೊನೆಗಾರ ಸಿಕ್ಕುವುದಿಲ್ಲ, ಕಪಾತಿಗೆ ಆಳು ಬರುವುದಿಲ್ಲ. ಇಷ್ಟೆಲ್ಲ ಇರುವಾಗ ಕಾಡು ಸುತ್ತುವವರಿಗೆ ಸಂಘ ಯಾಕೆ ದುಡ್ಡು ಕೊಡಬೇಕು? ನ್ಯಾಯವಾದ ಪ್ರಶ್ನೆ. ಉತ್ತರ ನಮ್ಮ ನಮ್ಮ ತೋಟದಲ್ಲೇ ಇದೆ.

ನಮ್ಮ ತೋಟದ ಗಿಡಗಳು ಎಲ್ಲಿಂದ ಬಂದವು?

ಬಾಬಾ ಬುಡನ್ ಅವರು ಏಳು ಬೀಜ ತಂದ ಕಥೆಯನ್ನು ಮಲೆನಾಡಿನಲ್ಲಿ ಕೇಳದವರಿಲ್ಲ. ಕಥೆಯ ಅಕ್ಷರಶಃ ಸತ್ಯ ಹೇಗೇ ಇರಲಿ, ಅದರೊಳಗಿನ ವಿಜ್ಞಾನ ಮಾತ್ರ ಸರಿಯಾಗಿದೆ. ಲೋಕದ ಅರೇಬಿಕಾ ತೋಟಗಳಲ್ಲಿ ಬಹುಪಾಲು ಬೆರಳೆಣಿಕೆಯ ಗಿಡಗಳ ಸಂತಾನ. 1714ರಲ್ಲಿ ಆಮ್‌ಸ್ಟರ್‌ಡ್ಯಾಮಿನಿಂದ ಫ್ರಾನ್ಸಿನ ದೊರೆಗೆ ಕಾಣಿಕೆಯಾಗಿ ಹೋದದ್ದು ಒಂದೇ ಒಂದು ಕಾಫಿ ಗಿಡ. ಅಮೆರಿಕ ಖಂಡದ ಎಷ್ಟೋ ತೋಟಗಳ ವಂಶವೃಕ್ಷ ಆ ಗಿಡದ ಕಡೆಗೆ ಹೋಗುತ್ತದೆ. ಒಂದೇ ಮನೆತನದ ಮಕ್ಕಳಿಗೆ ಒಂದೇ ಕಾಯಿಲೆ ತಗಲುವುದು ಸಹಜ. 1869ರಲ್ಲಿ ಸಿಂಹಳದಲ್ಲಿ ಎಲೆ ತುಕ್ಕು ರೋಗ ಕಾಣಿಸಿಕೊಂಡಾಗ ಆದದ್ದು ಅದೇ. ಅಲ್ಲಿನ ಕಾಫಿ ಸೀಮೆ ಕೆಲವೇ ದಶಕಗಳಲ್ಲಿ ಚಹಾ ಸೀಮೆಯಾಯಿತು. ನಮ್ಮಲ್ಲೂ ಮೊದಲಿನ ‘ಚಿಕ್’ ಎಂಬ ತಳಿ ಬಿದ್ದುಹೋಗಿ ‘ಕೂರ್ಗ್’ ಬಂತು. ಅದೂ ಸೋತಾಗ ‘ಕೆಂಟ್ಸ್’ ಬಂತು.

ಈ ಕೆಂಟ್ಸ್ ಎಂಬುದು ಪ್ರಯೋಗಶಾಲೆಯಲ್ಲಿ ಹುಟ್ಟಿದ್ದಲ್ಲ. 1911ರ ಸುಮಾರಿಗೆ ಮೈಸೂರು ಸೀಮೆಯ ತೋಟವೊಂದರಲ್ಲಿ ಕೆಂಟ್ ಎಂಬ ಪ್ಲಾಂಟರು ತಮ್ಮ ಗಿಡಗಳ ನಡುವೆ ಚೆನ್ನಾಗಿ ನಿಂತದ್ದನ್ನು ಗುರುತಿಸಿ ಬೀಜ ಮಾಡಿಕೊಂಡ ತಳಿ ಅದು. ಬೆಳೆಗಾರನ ಕಣ್ಣೇ ಅದನ್ನು ಹುಡುಕಿತು ಎಂಬುದನ್ನು ಸದಸ್ಯರು ನೆನಪಿನಲ್ಲಿಡಬೇಕು. ಮುಂದೆ ಈ ಮಾತಿಗೆ ಮತ್ತೆ ಬರುತ್ತೇವೆ.

1915ರಲ್ಲಿ ಕೊಪ್ಪದಲ್ಲಿ ಎಲೆರೋಗದ ಪರಿಹಾರಕ್ಕೆಂದು ಒಂದು ತಾತ್ಕಾಲಿಕ ಸಂಶೋಧನ ಘಟಕ ತೆರೆಯಿತು. 1925ರಲ್ಲಿ ಮೈಸೂರು ಸರ್ಕಾರ ಬಾಳೆಹೊನ್ನೂರಿನ ಬಳಿ ಕಾಫಿ ಪ್ರಯೋಗ ಕೇಂದ್ರವನ್ನು ಸ್ಥಾಪಿಸಿತು. 1944ರಲ್ಲಿ ಅದು ಕಾಫಿ ಮಂಡಳಿಯ ಕೈಗೆ ಬಂತು. 1930ರ ದಶಕದಲ್ಲಿ ವಿಲ್ಸನ್ ಮೇಯ್ನ್ ಎಂಬ ವಿಜ್ಞಾನಿ ಅಲ್ಲಿಯೇ, ತುಕ್ಕು ರೋಗದ ಶಿಲೀಂಧ್ರ ಒಂದೇ ಬಗೆಯದಲ್ಲ, ಅದರಲ್ಲಿ ಹಲವು ಪ್ರಭೇದಗಳಿವೆ ಎಂದು ತೋರಿಸಿದರು. ಒಂದು ತಳಿ ಕೆಲವು ವರ್ಷ ಚೆನ್ನಾಗಿ ನಿಂತು ಆಮೇಲೆ ಯಾಕೆ ಸೋಲುತ್ತದೆ ಎಂಬುದಕ್ಕೆ ಅಲ್ಲಿ ಕಾರಣ ದೊರೆಯಿತು. ರೋಗ ಹೊಸ ವೇಷ ಹಾಕಿ ಬರುತ್ತದೆ, ನಾವೂ ಹೊಸ ಬಲವನ್ನು ತರುತ್ತಲೇ ಇರಬೇಕು.

ಆ ಬಲ ಬಂದದ್ದು ಎಲ್ಲಿಂದ? ಅರೇಬಿಕಾ ಬೆಳೆಗಾರರೆಲ್ಲರಿಗೂ ಗೊತ್ತಿರುವ ಎಸ್. 795 ತಳಿಯನ್ನೇ ತೆಗೆದುಕೊಳ್ಳೋಣ. ಅದರ ಒಂದು ಕಡೆ ಕೆಂಟ್ಸ್. ಇನ್ನೊಂದು ಕಡೆ ಎಸ್. 288. ಆ ಎಸ್. 288ರ ತಾಯಿ ಎಸ್. 26, ಅರೇಬಿಕಾ ಮತ್ತು ಲೈಬೀರಿಕಾ ತಾವಾಗಿಯೇ ಕೂಡಿ ಹುಟ್ಟಿದ ಗಿಡ. ಲೈಬೀರಿಕಾ ಪಶ್ಚಿಮ ಆಫ್ರಿಕದ ಮಳೆಕಾಡಿನ ಮರ. ಯಾರೋ ಅದನ್ನು ಅಲ್ಲಿಂದ ತಂದಿದ್ದರು, ತುಕ್ಕು ರೋಗ ಬಂದ ಮೇಲೆ ನಮ್ಮ ದೇಶದಲ್ಲೂ ನೆಟ್ಟರು. ಅದು ಬೆಳೆಯಾಗಿ ನಿಲ್ಲಲಿಲ್ಲ. ಆದರೆ ಅದರ ರೋಗನಿರೋಧಕ ಗುಣ ಎಸ್. 795ರಲ್ಲಿ ಉಳಿಯಿತು. 1945-46ರಲ್ಲಿ ಬೆಳೆಗಾರರ ಕೈಸೇರಿದ ಆ ತಳಿ ಇಂದಿಗೂ ಎಷ್ಟೋ ತೋಟಗಳಲ್ಲಿ ಫಸಲು ಕೊಡುತ್ತಿದೆ.

ರೊಬಸ್ಟಾ ಕಥೆಯೂ ಹೀಗೆಯೇ. 1900ರ ಸುಮಾರಿಗೆ ಕಾಂಗೋ ಕಾಡಿನಿಂದ ಬ್ರಸೆಲ್ಸಿಗೆ ಬಂದ ಗಿಡಗಳು ಅಲ್ಲಿಂದ ಜಾವಾಕ್ಕೆ ಹೋಗಿ ಬೆಳೆಯಾದವು. ನಾವೆಲ್ಲ ‘ಸಿ ಇಂಟು ಆರ್’ ಎಂದು ಕರೆಯುವ ತಳಿಯಲ್ಲಿ ಸಿ ಎಂದರೆ ಕಂಜೆನ್ಸಿಸ್, ಕಾಂಗೋ ನದಿಯ ದಂಡೆಯ ಕಾಡುಕಾಫಿ. ನದಿ ಉಕ್ಕಿದಾಗ ನೀರಲ್ಲಿ ನಿಂತು ಅಭ್ಯಾಸವಾದ ಗಿಡ. ಎಸ್.ಎಲ್.ಎನ್. 9ರ ಒಂದು ಕಡೆ ಇಥಿಯೋಪಿಯದ ಟಾಫರಿಕೆಲ. ಕಾವೇರಿ, ಚಂದ್ರಗಿರಿ ಇವುಗಳಲ್ಲಿ ಟೈಮೋರ್ ದ್ವೀಪದ ಹೈಬ್ರಿಡ್ ಇದೆ. 1927ರಲ್ಲಿ ಅಲ್ಲಿನ ಅರೇಬಿಕಾ ತೋಟವೊಂದರಲ್ಲಿ ತುಕ್ಕು ತಗಲದೆ ನಿಂತ ಒಂದು ಗಿಡವನ್ನು ಯಾರೋ ಕಂಡರು. ಅದು ಅರೇಬಿಕಾ ಮತ್ತು ರೊಬಸ್ಟಾ ತಾವಾಗಿ ಕೂಡಿದ ಸಂತಾನವಾಗಿತ್ತು.

ಅಡಿಕೆಯವರು ಇದು ನಮಗೆ ಸಂಬಂಧಿಸಿದ್ದಲ್ಲ ಎನ್ನಬೇಕಾಗಿಲ್ಲ. 1972ರಲ್ಲಿ ವಿಟ್ಲದ ಕೇಂದ್ರದಿಂದ ಬಿಡುಗಡೆಯಾದ ಮಂಗಳ ತಳಿಯ ಮೂಲ ಚೀನ. ಸುಮಂಗಳದ ಮೂಲ ಇಂಡೋನೇಷ್ಯ, ಶ್ರೀಮಂಗಳದ್ದು ಸಿಂಗಪುರ. ಬೇರೆ ಬೇರೆ ದೇಶಗಳಿಂದ ಬೀಜದಡಿಕೆ ತರಿಸಿ ವಿಟ್ಲದಲ್ಲಿ ನೆಟ್ಟು ವರ್ಷಗಟ್ಟಲೆ ಲೆಕ್ಕ ಬರೆದದ್ದರ ಫಲ ಅವು.

ಯಾರ ಖರ್ಚು, ಯಾರ ಬೀಜ?

ಹೀಗೆ ನಾವು ಬದುಕುತ್ತಿರುವುದು ಹುಡುಕಿ ತಂದವರ ಶ್ರಮದ ಮೇಲೆ. ಆದರೆ ಹುಡುಕುವುದಕ್ಕೆ ಖರ್ಚು ಬರುತ್ತದೆ, ಖರ್ಚು ಕೊಟ್ಟವರು ಯಾರು ಎಂಬುದನ್ನು ನಾವು ಎಂದೂ ಕೇಳಿಲ್ಲ.

1964-65ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಇಥಿಯೋಪಿಯಕ್ಕೆ ಒಂದು ಕಾಫಿ ತಂಡವನ್ನು ಕಳುಹಿಸಿತು. ಅರೇಬಿಕಾದ ತವರಿನಲ್ಲಿ ಕಾಡಿನ ಮತ್ತು ಹಿತ್ತಲಿನ ಗಿಡಗಳಿಂದ ಬೀಜ ಸಂಗ್ರಹಿಸುವುದು ಅದರ ಕೆಲಸ. ಆ ತಂಡದ ಐವರಲ್ಲಿ ಒಬ್ಬರು ಬಾಳೆಹೊನ್ನೂರಿನ ತಳಿತಜ್ಞ ಆರ್. ಎಲ್. ನರಸಿಂಹಸ್ವಾಮಿಯವರು. ಸಂಗ್ರಹವಾದ ಬೀಜ ಒಂದೇ ಕಡೆ ಇರಬಾರದೆಂದು ಇಥಿಯೋಪಿಯದಲ್ಲಿಯೂ ಕೋಸ್ಟರಿಕ, ಟಾಂಜಾನಿಯ, ಭಾರತ ಮೊದಲಾದ ದೇಶಗಳ ಸಂಶೋಧನ ತೋಟಗಳಲ್ಲಿಯೂ ಹಂಚಿ ನೆಟ್ಟರು. ಒಂದು ತೋಟ ಹಾಳಾದರೂ ಇನ್ನೊಂದರಲ್ಲಿ ವಂಶ ಉಳಿಯಲಿ ಎಂಬ ಮುಂದಾಲೋಚನೆ ಅದು. ತಂಡದ ವರದಿ 1968ರಲ್ಲಿ ಪ್ರಕಟವಾಯಿತು. ನಮ್ಮ ಸೀಮೆಯ ಒಬ್ಬ ವಿಜ್ಞಾನಿ ಇಷ್ಟು ದೊಡ್ಡ ಕೆಲಸದಲ್ಲಿ ಪಾಲುಗೊಂಡರೆಂಬುದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತಿದೆ?

ಅದಕ್ಕೂ ಮೊದಲು, 1941ರಲ್ಲಿ, ಎ. ಎಸ್. ಥಾಮಸ್ ಎಂಬ ಸಸ್ಯತಜ್ಞರು ಸುಡಾನಿನ ಬೋಮಾ ಪ್ರಸ್ಥಭೂಮಿಯಲ್ಲಿ ಕಾಡು ಅರೇಬಿಕಾವನ್ನು ಕಂಡು ವರದಿ ಬರೆದರು. ಆ ಕಡೆಯಿಂದ ಬಂದ ‘ರೂಮೆ ಸುಡಾನ್’ ಎಂಬ ಗಿಡ ಹೆಚ್ಚು ಫಸಲು ಕೊಡುವುದಿಲ್ಲ. ಬೆಳೆಗಾರ ಅದನ್ನು ನೋಡಿದರೆ ಕಿತ್ತೆಸೆಯುತ್ತಿದ್ದ. ಆದರೆ ಕೀನ್ಯದಲ್ಲಿ ಕಾಯಿಕೊಳೆ ರೋಗ ತೋಟಗಳನ್ನು ನುಂಗುತ್ತಿದ್ದಾಗ ನಿರೋಧಕ ಶಕ್ತಿ ದೊರೆತ ಮೂಲಗಳಲ್ಲಿ ಅದೂ ಒಂದು. 1985ರಲ್ಲಿ ಅಲ್ಲಿ ಬಿಡುಗಡೆಯಾದ ‘ರುಯಿರು 11’ ತಳಿಯಲ್ಲಿ ಅದರ ರಕ್ತವಿದೆ. 2012ರಲ್ಲಿ ಇನ್ನೊಂದು ತಂಡ ಅದೇ ಬೋಮಾಕ್ಕೆ ಮತ್ತೆ ಹೋಯಿತು. ಆ ಯಾತ್ರೆಯನ್ನು ನಡೆಸಿದ ‘ವರ್ಲ್ಡ್ ಕಾಫಿ ರಿಸರ್ಚ್’ ಸಂಸ್ಥೆಗೆ ಹಣ ಬರುವುದು ಕಾಫಿ ಹುರಿಯುವ, ಮಾರುವ ಕಂಪನಿಗಳಿಂದ. ಅವುಗಳಲ್ಲಿ ಹಲವು, ಕೊಂಡ ಪ್ರತಿ ಪೌಂಡ್ ಕಾಫಿಗೆ ಇಷ್ಟೆಂದು ಲೆಕ್ಕಹಾಕಿ ಕೊಡುತ್ತವೆ.

ಇಲ್ಲಿ ಸದಸ್ಯರು ಒಂದು ಕ್ಷಣ ನಿಲ್ಲಬೇಕು. ಕಾಫಿ ಮಾರುವವನು ಪೌಂಡಿಗೆ ಇಷ್ಟೆಂದು ತೆಗೆದಿಟ್ಟು ಬೀಜ ಹುಡುಕಿಸುತ್ತಾನೆ. ಕಾಫಿ ಬೆಳೆಯುವವನು, ಯಾವನ ಬದುಕೇ ಆ ಬೀಜದ ಮೇಲೆ ನಿಂತಿದೆಯೋ ಅವನು, ಏನೂ ಕೊಡದೆ ಕೈಕಟ್ಟಿ ಕುಳಿತಿದ್ದಾನೆ. ಖರ್ಚು ಕೊಟ್ಟವನಿಗೆ ಯಾವ ಗುಣವನ್ನು ಹುಡುಕಬೇಕೆಂದು ಹೇಳುವ ಹಕ್ಕು ಬರುತ್ತದೆ. ಮಾರುವವನು ಮೊದಲು ಕಪ್ಪಿನ ರುಚಿಯನ್ನು ಕೇಳುತ್ತಾನೆ, ಅದು ತಪ್ಪಲ್ಲ. ನಮಗೆ ಮೊದಲು ಬೇಕಾದದ್ದು ಕಾಂಡಕೊರಕಕ್ಕೆ ಬಗ್ಗದ ಅರೇಬಿಕಾ, ಹೂಮಳೆ ತಡವಾದರೂ ಸಹಿಸುವ ರೊಬಸ್ಟಾ, 2018 ಮತ್ತು 2019ರಂಥ ಮಳೆಯಲ್ಲೂ ಕಾಯಿ ಉದುರಿಸದ ಗಿಡ. ಈ ಮಾತನ್ನು ನಮ್ಮ ಪರವಾಗಿ ಬೇರೆಯವರು ಹೇಳುವರೆಂದು ಕಾಯುವುದು ಬೇಡ.

ದೊಡ್ಡ ಹಣ, ದೊಡ್ಡ ತಂಡವೇ ಬೇಕೆಂದೂ ಇಲ್ಲ. ಪಶ್ಚಿಮ ಆಫ್ರಿಕದ ಸಿಯೆರಾ ಲಿಯೋನ್ ದೇಶದಲ್ಲಿ ‘ಸ್ಟೆನೊಫಿಲ’ ಎಂಬ ಕಾಡುಕಾಫಿ ಒಂದು ಕಾಲದಲ್ಲಿ ಬೆಳೆಯಾಗಿಯೂ ಇತ್ತು. ರೊಬಸ್ಟಾ ಬಂದಮೇಲೆ ಅದನ್ನು ಮರೆತರು. 1954ರ ಮೇಲೆ ಆ ದೇಶದ ಕಾಡಿನಲ್ಲಿ ಅದನ್ನು ಕಂಡ ದಾಖಲೆಯೇ ಇರಲಿಲ್ಲ. 2018ರ ಡಿಸೆಂಬರಿನಲ್ಲಿ ಲಂಡನ್ನಿನ ಕ್ಯೂ ಸಸ್ಯೋದ್ಯಾನದ ಆರನ್ ಡೇವಿಸ್, ಗ್ರೀನಿಚ್ ವಿಶ್ವವಿದ್ಯಾಲಯದ ಜೆರೆಮಿ ಹ್ಯಾಗರ್, ಸಿಯೆರಾ ಲಿಯೋನಿನವರೇ ಆದ ಕಾಫಿ ತಜ್ಞ ಡೇನಿಯಲ್ ಸಾರ್ಮು ಈ ಮೂವರು ಹಳೆಯ ದಾಖಲೆ ಹಿಡಿದು ಹೊರಟರು. ಮೊದಲು ಕಾಸೆವೆ ಬೆಟ್ಟದಲ್ಲಿ ಸಿಕ್ಕಿದ್ದು ಒಂದೇ ಒಂದು ಗಿಡ. ಛಲ ಬಿಡದೆ ಮುಂದೆ ಹೋದಾಗ ಕಾಂಬುಯಿ ಬೆಟ್ಟಗಳಲ್ಲಿ ಇನ್ನಷ್ಟು ಸಿಕ್ಕಿದವು. 2021ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಅದರ ರುಚಿ ಅರೇಬಿಕಾಕ್ಕೆ ಸಮ, ಆದರೆ ಅರೇಬಿಕಾ ಬಯಸುವುದಕ್ಕಿಂತ ಆರು ಡಿಗ್ರಿಗೂ ಹೆಚ್ಚು ಸೆಕೆಯ ಸೀಮೆಯಲ್ಲಿ ಅದು ಬೆಳೆಯುತ್ತದೆ. ಸೆಕೆ ಏರುತ್ತಿರುವ ಈ ಕಾಲದಲ್ಲಿ ಅದು ಎಂಥ ಆಸ್ತಿ ಎಂದು ಬೇರೆ ಹೇಳಬೇಕಾಗಿಲ್ಲ. ಇನ್ನು ಕೆಲವು ವರ್ಷ ತಡಮಾಡಿದ್ದರೆ ಆ ಒಂದು ಗಿಡವೂ ಇರುತ್ತಿತ್ತೋ ಇಲ್ಲವೋ.

2019ರಲ್ಲಿ ಪ್ರಕಟವಾದ ಇನ್ನೊಂದು ಲೆಕ್ಕದಂತೆ ಲೋಕದಲ್ಲಿ ಆಗ ಗೊತ್ತಿದ್ದ ಕಾಫಿ ಜಾತಿಗಳು 124. ಅವುಗಳಲ್ಲಿ ನೂರಕ್ಕೆ 60ರಷ್ಟು ಅಳಿವಿನ ಅಂಚಿಗೆ ಹತ್ತಿರವಾಗಿವೆ, ನೂರಕ್ಕೆ 45ರಷ್ಟು ಯಾವ ಸಂಗ್ರಹ ತೋಟದಲ್ಲಿಯೂ ಇಲ್ಲ. ಕಾಡು ಹೋದರೆ ಅವೂ ಹೋದವು.

ನಮ್ಮ ಘಟ್ಟದಲ್ಲಿ ಏನಿದೆ?

ಕಾಡುಕಾಫಿ ಎಂದರೆ ಆಫ್ರಿಕವೇ ಎಂದು ತಿಳಿಯಬೇಕಾಗಿಲ್ಲ. ನಮ್ಮ ದೇಶದ ಕಾಡುಗಳಲ್ಲೂ ಕಾಫಿಯ ನೆಂಟರು ಇದ್ದಾರೆ. ಬೆಂಗಾಲೆನ್ಸಿಸ್, ಟ್ರಾವಂಕೋರೆನ್ಸಿಸ್, ವೈಟಿಯಾನ ಎಂಬ ಹೆಸರಿನವು ಅವುಗಳಲ್ಲಿ ಮುಖ್ಯವಾದವು. ಕೊನೆಯ ಎರಡು ದಕ್ಷಿಣ ಭಾರತದವು. ಮೊದಲು ಸಸ್ಯಶಾಸ್ತ್ರಜ್ಞರು ಇವನ್ನು ‘ಸೈಲಾಂತಸ್’ ಎಂಬ ಬೇರೆ ಕುಲದಲ್ಲಿ ಇಟ್ಟಿದ್ದರು. 2011ರಲ್ಲಿ ಅವನ್ನೂ ಕಾಫಿ ಕುಲಕ್ಕೇ ಸೇರಿಸಿದರು. ಇವುಗಳ ಬೀಜದಲ್ಲಿ ಕೆಫೀನ್ ಇಲ್ಲವೆನ್ನುವಷ್ಟು ಕಡಿಮೆ. ವೈಟಿಯಾನ ಒಣ ಕಾಡಿನಲ್ಲಿ ಬದುಕುವ ಗಿಡ. ಕೆಫೀನ್ ತೆಗೆದ ಕಾಫಿಗೆ ಹೆಚ್ಚು ಬೆಲೆ ಕೊಡುವ ಲೋಕದಲ್ಲಿ, ಮಳೆ ಕೈಕೊಡುವ ಕಾಲದಲ್ಲಿ, ಈ ಗುಣಗಳು ಕ್ಷುಲ್ಲಕವಲ್ಲ.

ಇರುವ ಮಾತನ್ನು ಇದ್ದಂತೆಯೇ ಹೇಳಬೇಕು. ಇವು ಅರೇಬಿಕಾಕ್ಕೆ ಹತ್ತಿರದ ನೆಂಟರಲ್ಲ. ಅರೇಬಿಕಾಕ್ಕೆ 44 ವರ್ಣತಂತುಗಳು, ಇವಕ್ಕೆ 22. ಕೂಡಿಸುವುದು ಸುಲಭವಲ್ಲ, ಕೂಡಿಸಿದರೂ ಫಲ ಬರಲು ತಲೆಮಾರು ಬೇಕಾಗಬಹುದು. ಆದರೆ ಇಂದು ಆಗದ ಕೂಡಾವಳಿ ನಾಳೆಯ ವಿಧಾನಗಳಿಂದ ಆಗಬಹುದು. ಗಿಡವೇ ಇಲ್ಲದಿದ್ದರೆ ಯಾವ ವಿಧಾನವಿದ್ದೂ ಪ್ರಯೋಜನವಿಲ್ಲ. ಎಲ್ಲೆಲ್ಲಿ ಎಷ್ಟೆಷ್ಟು ಗಿಡ ಉಳಿದಿವೆ ಎಂಬ ಲೆಕ್ಕವನ್ನಾದರೂ ಮೊದಲು ಮಾಡಿಡಬೇಕು.

ತಂಡದ ಎರಡನೆಯ ಕೆಲಸ ಹಳೆಯ ತೋಟಗಳಲ್ಲಿ. ಚಿಕ್, ಕೂರ್ಗ್, ಕೆಂಟ್ಸ್, ಹಳೇ ಪೆರಡೇನಿಯ ರೊಬಸ್ಟಾ ಇವೆಲ್ಲ ಇನ್ನೂ ಎಲ್ಲಿಯಾದರೂ ಮೂಲೆಯಲ್ಲಿ ನಾಲ್ಕು ಗಿಡ ನಿಂತಿರಬಹುದು. ಬಾಣೆಯ ಅಂಚಿನಲ್ಲಿ, ದೇವರಕಾಡಿನ ಬದಿಯಲ್ಲಿ, ಯಾರೂ ಕಪಾತು ಮಾಡದೆ ಮರವಾಗಿ ಬೆಳೆದ ಕಾಫಿ ನಮ್ಮ ಸದಸ್ಯರಲ್ಲಿ ಎಷ್ಟೋ ಜನ ಕಂಡಿದ್ದಾರೆ. ಅಂಥದೊಂದು ಗಿಡ ಸುತ್ತಲಿನ ಗಿಡಗಳೆಲ್ಲ ಕೊರಕಕ್ಕೆ ಬಲಿಯಾದರೂ ಯಾಕೆ ಉಳಿಯಿತು? ಅದೃಷ್ಟವೋ, ನೆರಳೋ, ಗುಣವೋ? ನೋಡಿ ಹೇಳಬಲ್ಲವರು ಬಂದು ನೋಡಬೇಕು.

ಮೂರನೆಯದು ಅಡಿಕೆಯದು. 1914ರಲ್ಲಿ ಕೇರಳದ ಕಡೆ ಕಂಡ ಹಳದಿ ಎಲೆ ರೋಗ ಸುಳ್ಯ, ಶೃಂಗೇರಿ, ಕೊಪ್ಪ ಸೀಮೆಯಲ್ಲಿ ಎಷ್ಟು ಮನೆಗಳ ಒಲೆ ಆರಿಸಿದೆ ಎಂಬುದನ್ನು ನಾವು ಬರೆಯಬೇಕಾಗಿಲ್ಲ. ಔಷಧಿಯಿಂದ ಗುಣವಾಗುವ ರೋಗವಲ್ಲ ಅದು. ಉಳಿದಿರುವ ಒಂದು ದಾರಿಯೆಂದರೆ, ರೋಗ ಹಬ್ಬಿದ ತೋಟದ ನಡುವೆಯೇ ವರ್ಷಗಟ್ಟಲೆ ಹಸಿರಾಗಿ ಕೊನೆ ಬಿಡುತ್ತಿರುವ ಮರಗಳನ್ನು ಗುರುತಿಸಿ ಅವುಗಳಿಂದ ಸಂತಾನ ಬೆಳೆಸುವುದು. ವಿಜ್ಞಾನಿಗಳು ಈ ಕೆಲಸ ಆರಂಭಿಸಿದ್ದಾರೆ. ಆದರೆ ಸಾವಿರಾರು ತೋಟಗಳನ್ನು ನಾಲ್ಕೈದು ಜನ ನೋಡಿ ಮುಗಿಸಲಾರರು. ಯಾವ ಮರ ಎಷ್ಟು ವರ್ಷದಿಂದ ಹಸಿರಾಗಿದೆ ಎಂಬುದು ತೋಟದವನಿಗೂ ಅವನ ಕೊನೆಗಾರನಿಗೂ ಮಾತ್ರ ಗೊತ್ತು.

ಕೆಂಟ್ ತಳಿಯ ಮಾತನ್ನು ನಾವು ನೆನಪಿಡಲು ಹೇಳಿದ್ದು ಇದಕ್ಕೇ. ಇಂಥ ಯಾತ್ರೆಯ ಅರ್ಧಭಾಗ ನಮ್ಮ ಬೇಲಿಯೊಳಗೇ ಇದೆ. ಆ ಅರ್ಧಕ್ಕೆ ಹಣಕ್ಕಿಂತ ನಮ್ಮ ಕಣ್ಣು ಹೆಚ್ಚು ಬೇಕು.

ಹಣ ಎಲ್ಲಿಗೆ ಹೋಗುತ್ತದೆ?

ಲೆಕ್ಕ ನೋಡೋಣ. ಉದಾಹರಣೆಗೆ 500 ಸದಸ್ಯರು ತಲಾ 60 ಚೀಲ ಕಾಫಿ ಹಾಕಿದರೆ 30,000 ಚೀಲ. ಚೀಲಕ್ಕೆ ಐದು ರೂಪಾಯಿಯಂತೆ ವರ್ಷಕ್ಕೆ 1,50,000 ರೂಪಾಯಿ, ಮೂರು ವರ್ಷಕ್ಕೆ 4,50,000. ಒಬ್ಬ ಸದಸ್ಯನ ಪಾಲು ವರ್ಷಕ್ಕೆ 300 ರೂಪಾಯಿ. ಒಬ್ಬ ಆಳಿನ ಒಂದು ದಿನದ ಸಂಬಳಕ್ಕಿಂತ ಅದು ಕಡಿಮೆ. ಹನಿ ಹನಿ ಕೂಡಿದರೆ ಹಳ್ಳ ಎಂಬುದೇ ಅಲ್ಲವೆ ಸಹಕಾರದ ತಳಹದಿ?

ಈ ಹಣದಲ್ಲಿ ವಿಜ್ಞಾನಿಗಳ ಸಂಬಳ ಕೊಡಲಾಗದು, ಕೊಡಬೇಕಾಗಿಯೂ ಇಲ್ಲ. ಅವರು ಸಂಶೋಧನ ಸಂಸ್ಥೆಗಳವರು. ಎಷ್ಟೋ ವೇಳೆ ಕೆಲಸ ನಿಲ್ಲುವುದು ಸಣ್ಣ ಖರ್ಚುಗಳಿಗೆ. ಜೀಪಿನ ಬಾಡಿಗೆ, ದಾರಿ ತೋರುವವರ ಕೂಲಿ, ಒಂದೇ ಜಾಗಕ್ಕೆ ಹೂವಿನ ಕಾಲದಲ್ಲೊಮ್ಮೆ ಹಣ್ಣಿನ ಕಾಲದಲ್ಲೊಮ್ಮೆ ಹೋಗುವ ವೆಚ್ಚ, ತಂದ ಗಿಡಗಳಿಗೆ ನರ್ಸರಿ. ಈ ಕೊನೆಯದು ಬಹಳ ಮುಖ್ಯ. ಕಾಫಿ ಬೀಜವನ್ನು ಭತ್ತ ರಾಗಿಯಂತೆ ಒಣಗಿಸಿ ತಂಪು ಪೆಟ್ಟಿಗೆಯಲ್ಲಿ ದಶಕಗಟ್ಟಲೆ ಇಡಲಾಗದು. ಕೆಲವು ತಿಂಗಳಲ್ಲಿ ಮೊಳೆಯುವ ಶಕ್ತಿ ಕುಂದುತ್ತದೆ. ಜೀವಂತ ಗಿಡವಾಗಿಯೇ ನೆಟ್ಟು ಕಾಪಾಡಬೇಕು. ಕಳೆ ತೆಗೆಯಬೇಕು, ನೆರಳು ನೋಡಬೇಕು, ಸತ್ತ ಗಿಡದ ಜಾಗಕ್ಕೆ ಮರುನಾಟಿ ಮಾಡಬೇಕು. ಹುಡುಕಿ ತಂದು ಆಮೇಲೆ ಆರೈಕೆಯಿಲ್ಲದೆ ಕಳೆದುಕೊಂಡರೆ ಅದು ಹುಡುಕದೇ ಇದ್ದುದಕ್ಕಿಂತ ಕೆಟ್ಟದ್ದು.

ಹಣವಲ್ಲದ ಸಹಾಯವೂ ಉಂಟು. ತಂಡ ಬಂದಾಗ ಎರಡು ದಿನ ತಂಗಲು ಜಾಗ, ಊಟ, ಜೊತೆಗೆ ಬರಲು ಒಬ್ಬ ಮೇಸ್ತ್ರಿ, ಸಂಗ್ರಹದ ಒಂದು ಪ್ರತಿಯನ್ನು ನೆಡಲು ಕಾಲೆಕರೆ ನೆರಳಿನ ಜಾಗ. ಇದನ್ನು ಕೊಡಬಲ್ಲ ಸದಸ್ಯರು ನಮ್ಮಲ್ಲಿ ಕಡಿಮೆಯಿಲ್ಲ.

ಕೆಲವು ಆಕ್ಷೇಪಗಳು

‘ಇದು ಸರ್ಕಾರದ ಕೆಲಸ, ಕಾಫಿ ಮಂಡಳಿಯ ಕೆಲಸ’ ಎನ್ನುವವರಿದ್ದಾರೆ. ಹೌದು, ಅವರದೇ ಕೆಲಸ. ನಾವು ಅದನ್ನು ಅವರ ಕೈಯಿಂದ ಕಸಿದುಕೊಳ್ಳುತ್ತಿಲ್ಲ. ಆದರೆ ಕೈಯಲ್ಲಿ ನಮ್ಮ ಪಾಲನ್ನು ಹಿಡಿದು ‘ಉಳಿದದ್ದನ್ನು ನೀವು ಕೊಡಿ’ ಎಂದು ಕೇಳುವುದಕ್ಕೂ, ಬರಿಗೈಯಲ್ಲಿ ಮನವಿ ಪತ್ರ ಹಿಡಿದು ನಿಲ್ಲುವುದಕ್ಕೂ ವ್ಯತ್ಯಾಸವಿದೆ. 1970ರ ಅಡಿಕೆ ಬೆಲೆ ಕುಸಿತದ ಮೇಲೆ ಬೆಳೆಗಾರರು ಸರ್ಕಾರವನ್ನೇ ನೋಡುತ್ತ ಕುಳಿತಿದ್ದರೆ 1973ರಲ್ಲಿ ಕ್ಯಾಂಪ್ಕೊ ಹುಟ್ಟುತ್ತಿರಲಿಲ್ಲ. ಬೆಳೆಗಾರರು ತಮ್ಮ ಪಾಲು ಹಾಕಿದರು, ಕರ್ನಾಟಕ ಕೇರಳ ಸರ್ಕಾರಗಳೂ ಜೊತೆಗೂಡಿದವು.

‘ಫಲ ಬರುವಾಗ ನಾವಿರುತ್ತೇವೆಯೆ?’ ಎಂಬುದು ಎರಡನೆಯ ಪ್ರಶ್ನೆ. ಬಾಳೆಹೊನ್ನೂರಿನ ಕೇಂದ್ರ ತೆರೆದ ಇಪ್ಪತ್ತು ವರ್ಷಕ್ಕೆ ಎಸ್. 795 ಬಂತು. ಅದಕ್ಕೂ ಹೆಚ್ಚೇ ಹಿಡಿಯಬಹುದು. ಆದರೆ ಅಡಿಕೆ ಸಸಿ ನೆಡುವವನು, ಸಿಲ್ವರ್ ಮರ ನೆಟ್ಟು ಮೆಣಸಿನ ಬಳ್ಳಿ ಹಬ್ಬಿಸುವವನು ಎಂದಿಗೂ ಆ ವರ್ಷದ ಫಲ ನೋಡಿ ನೆಟ್ಟವನಲ್ಲ. ಕಾಯುವ ಕೃಷಿಯೇ ನಮ್ಮದು.

‘ಬೆಲೆ ಬಿದ್ದರೆ?’ ಎಂಬುದು ಮೂರನೆಯದು. 2024 ಮತ್ತು 2025ರಲ್ಲಿ ಕಾಫಿ ಬೆಲೆ ಹಿಂದೆಂದೂ ಕಾಣದಷ್ಟು ಮೇಲೇರಿತು. ಇಂಥ ವರ್ಷಗಳಲ್ಲಿ ತೆಗೆದಿಡದವನು ಬೆಲೆ ಬಿದ್ದ ವರ್ಷದಲ್ಲಿ ತೆಗೆದಿಡುವನೆ? ಬೆಂಕಿ ಬಿದ್ದ ಮೇಲೆ ಬಾವಿ ತೋಡುವ ಬುದ್ಧಿ ನಮಗೆ ಬೇಡ. ಬೆಲೆ ತೀರ ಕುಸಿದ ವರ್ಷದಲ್ಲಿ ವಂತಿಗೆಯನ್ನು ತಡೆಹಿಡಿಯುವ ಅಧಿಕಾರ ಆಡಳಿತ ಮಂಡಳಿಗೆ ಇರಲಿ.

ನಮ್ಮ ಷರತ್ತುಗಳು

ಕಣ್ಣು ಮುಚ್ಚಿ ಹಣ ಕೊಡಬೇಕೆಂದು ನಾವು ಹೇಳುವುದಿಲ್ಲ. ಕೆಲವು ಷರತ್ತುಗಳಿರಬೇಕು.

ಮೊದಲನೆಯದಾಗಿ, ತಂಡದ ನೇತೃತ್ವ ಸಾರ್ವಜನಿಕ ಸಂಶೋಧನ ಸಂಸ್ಥೆಯದಾಗಿರಬೇಕು. ಸಂಗ್ರಹಿಸಿದ ಗಿಡ ಸಾರ್ವಜನಿಕ ಸಂಗ್ರಹದಲ್ಲಿ ಉಳಿಯಬೇಕೇ ಹೊರತು ಯಾವ ಖಾಸಗಿ ಕಂಪನಿಯ ಸ್ವತ್ತೂ ಆಗಕೂಡದು.

ಎರಡನೆಯದಾಗಿ, ಕಾನೂನು ಮೀರಬಾರದು. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳೊಳಗೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಒಂದು ಎಲೆಯನ್ನೂ ಕೀಳುವಂತಿಲ್ಲ. 2002ರ ಜೀವವೈವಿಧ್ಯ ಕಾಯಿದೆಯೂ ಇದೆ. ಇದು ಅಡಚಣೆಯೆಂದು ಕೆಲವರಿಗೆ ತೋರಬಹುದು. ಆದರೆ ಹಿಂದೆ ಬೀಜ ಎಲ್ಲಿಂದ ಎಲ್ಲಿಗೆ ಹೋಯಿತು, ತವರಿನವರಿಗೆ ಏನು ಸಿಕ್ಕಿತು ಎಂದು ನೋಡಿದರೆ ಈ ಕಾಯಿದೆ ಯಾಕೆ ಬಂತೆಂದು ತಿಳಿಯುತ್ತದೆ. ಇಥಿಯೋಪಿಯವೂ ತನ್ನ ಕಾಫಿ ಬೀಜದ ಮೇಲೆ ಈಗ ಬಿಗಿ ಹಿಡಿತ ಇಟ್ಟಿದೆ. ಅದು ಅವರ ಹಕ್ಕು.

ಮೂರನೆಯದಾಗಿ, ಕಾಡು ಬಲ್ಲವರಿಗೆ ಸಲ್ಲಬೇಕಾದದ್ದು ಸಲ್ಲಬೇಕು. ಮಲೆಕುಡಿಯರು, ಯರವರು, ಜೇನುಕುರುಬರು ದಾರಿ ತೋರಿದಲ್ಲಿ ಅವರಿಗೆ ನ್ಯಾಯವಾದ ಕೂಲಿ ಕೊಡಬೇಕು, ಗಿಡ ತೋರಿದವರ ಹೆಸರು ವಿಜ್ಞಾನಿಯ ಹೆಸರಿನ ಜೊತೆ ದಾಖಲೆಯಲ್ಲಿ ಇರಬೇಕು. ಸಾರ್ಮು ಅವರಿಲ್ಲದೆ ಸಿಯೆರಾ ಲಿಯೋನಿನ ತಂಡ ಎಷ್ಟು ದೂರ ಹೋಗುತ್ತಿತ್ತು?

ನಾಲ್ಕನೆಯದಾಗಿ, ವರ್ಷಕ್ಕೊಮ್ಮೆ ಕನ್ನಡದಲ್ಲಿ ವರದಿ ಬರಬೇಕು. ಎಲ್ಲಿ ಹೋದೆವು, ಏನು ಸಿಕ್ಕಿತು, ಏನು ಸಿಗಲಿಲ್ಲ, ಎಷ್ಟು ಖರ್ಚಾಯಿತು ಎಂಬುದು ಇದೇ ಪತ್ರಿಕೆಯಲ್ಲಿ ಅಚ್ಚಾಗಬೇಕು. ಸಿಗದೆ ಹೋದ ವರ್ಷದ ವರದಿಯೂ ಬರಬೇಕು. ಹುಡುಕಿದಲ್ಲಿ ಇಲ್ಲವೆಂದು ತಿಳಿಯುವುದೂ ಒಂದು ತಿಳಿವೇ.

ಸದಸ್ಯರಲ್ಲಿ ವಿನಂತಿ

ಮಹಾಸಭೆಯಲ್ಲಿ ಈ ನಿರ್ಣಯ ಬಂದಾಗ ಪರವಾಗಿಯೋ ವಿರೋಧವಾಗಿಯೋ ಮಾತನಾಡಿ. ಸುಮ್ಮನೆ ಕೈ ಎತ್ತುವುದು ಬೇಡ. ಐದು ರೂಪಾಯಿ ಹೆಚ್ಚಾಯಿತೆಂದರೆ ಮೂರು ಎನ್ನಿ, ಕಡಿಮೆಯಾಯಿತೆಂದರೆ ಹಾಗೆಯೂ ಹೇಳಿ.

ನಿರ್ಣಯ ಆಗಲಿ ಬಿಡಲಿ, ಒಂದು ಕೆಲಸವನ್ನು ಇಂದೇ ಮಾಡಬಹುದು. ನಿಮ್ಮ ತೋಟದಲ್ಲಿ, ಸೊಪ್ಪಿನ ಬೆಟ್ಟದಲ್ಲಿ, ಊರಿನ ಕಾನಿನಲ್ಲಿ ವಿಶೇಷವಾದ ಕಾಫಿ ಗಿಡ ಕಂಡಿದ್ದರೆ, ರೋಗದ ನಡುವೆ ನಿಂತ ಅಡಿಕೆ ಮರ ಇದ್ದರೆ, ಒಂದು ಪೋಸ್ಟ್ ಕಾರ್ಡಿನಷ್ಟು ಬರೆದು ಸಂಘದ ಕಚೇರಿಗೆ ತಲುಪಿಸಿ. ಊರು, ಮರದ ಅಂದಾಜು ವಯಸ್ಸು, ಎಷ್ಟು ವರ್ಷದಿಂದ ನೋಡುತ್ತಿದ್ದೀರಿ ಎಂಬುದಿಷ್ಟೆ ಸಾಕು. ಗಿಡವನ್ನು ಕಡಿಯಬೇಡಿ, ಕೀಳಬೇಡಿ, ಒಂದು ಕೊಂಬೆಗೆ ಬಟ್ಟೆ ಕಟ್ಟಿ ಗುರುತಿಟ್ಟುಕೊಳ್ಳಿ. ಕಾಡಿನ ಗಿಡವಾದರೆ ಮುಟ್ಟದೆ ಜಾಗವನ್ನಷ್ಟೆ ತಿಳಿಸಿ. ಮನೆಯಲ್ಲಿ ಹಿರಿಯರಿದ್ದರೆ ಅವರನ್ನು ಕೇಳಿ, ಅವರ ಕಾಲದ ತಳಿಗಳ ಹೆಸರನ್ನು ಬರೆದಿಡಿ.

ಕಚೇರಿಯಲ್ಲಿ ಇದಕ್ಕೆಂದೇ ಒಂದು ಪುಸ್ತಕ ತೆರೆಯಲು ಕಾರ್ಯದರ್ಶಿಗಳನ್ನು ಕೋರಿದ್ದೇವೆ. ತಂಡ ಎಂದು ಹೊರಟರೂ ಆ ಪುಸ್ತಕವೇ ಅದಕ್ಕೆ ಮೊದಲ ನಕ್ಷೆಯಾಗುತ್ತದೆ. ಮಹಾಸಭೆಯ ಹೊತ್ತಿಗೆ ಅದರಲ್ಲಿ ನೂರು ಹೆಸರಾದರೂ ಇದ್ದರೆ, ಸಂಶೋಧನ ಸಂಸ್ಥೆಗಳ ಮುಂದೆ, ಕಾಫಿ ಮಂಡಳಿಯ ಮುಂದೆ ನಾವು ಧೈರ್ಯವಾಗಿ ಹೋಗಿ ಕೇಳಬಹುದು.